ಉಸಿರು ತಾಗಬಾರದ ಉಪ್ಪು

ನನ್ನ ಹೆಂಡತಿಯ ತಮ್ಮ ಜಡಿಗೇನಹಳ್ಳಿಯ ತಾಯಿಮನೆಗೆ ಬಂದಾಗಲೆಲ್ಲ ಆ ಮನೆಯಲ್ಲಿ ಉಸಿರಾಡುವುದಕ್ಕೂ ಅವನ ಅಪ್ಪಣೆ ಬೇಕಾಗುತ್ತಿತ್ತು. ಉತ್ಪ್ರೇಕ್ಷೆ ಎನ್ನುತ್ತೀರಾ? ಆ ಮನೆಯ ಅಳಿಯನಾದ ನಾನೇ ಹಬ್ಬದೂಟದ ನಡುವೆ ಸೀನಿದ್ದಕ್ಕೆ ಎಲೆ ಸಮೇತ ಜಗಲಿಗೆ ವರ್ಗವಾದವನು!

ಆತ ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಅಮೈನೋ ಆಮ್ಲಗಳ ಬೆನ್ನು ಹತ್ತಿದ್ದ.

"ಹುರುಳಿಕಾಳಿನ ಸತ್ವ ಇದೆಯಲ್ಲ ಭಾವ, ಅದನ್ನ ಕಟ್ಟಿರೋ ಇಟ್ಟಿಗೆಗಳು ಅವು. ನಾನು ಒಂದೊಂದು ಇಟ್ಟಿಗೆಗೂ ಒಂದು ಬಾಲ ಅಂಟಿಸ್ತೀನಿ. ಆಮೇಲೆ ಕೆಂಪಿನ ಆಚೆಗಿರೋ, ಕಣ್ಣಿಗೆ ಕಾಣದ ಬೆಳಕು ಹಾಯಿಸ್ತೀನಿ. ಯಾವ ಬೆಳಕನ್ನ ನುಂಗ್ತು ಅಂತ ನೋಡಿದ್ರೆ ಬಾಲ ಎಲ್ಲಿ ಅಂಟಿದೆ ಅಂತ ಗೊತ್ತಾಗುತ್ತೆ."

"ನೀನೇ ಅಂಟಿಸಿದ ಬಾಲ ನೀನೇ ಹುಡುಕೋದಕ್ಕೆ ಸಂಬಳ ಕೊಡ್ತಾರೇನಯ್ಯ?"

"ಕೊಡ್ತಾರೆ. ಸ್ವಲ್ಪ ದೂರ ಕೂತು ಮಾತಾಡಿ."

ದೂರವೇಕೆಂದರೆ, ಆ ಬೆಳಕನ್ನು ಗಾಜು ನುಂಗಿಬಿಡುತ್ತದಂತೆ, ಉಪ್ಪು ಬಿಟ್ಟುಕೊಡುತ್ತದಂತೆ. ಅದಕ್ಕೇ ಅವನ ಪುಡಿಗಳನ್ನೆಲ್ಲ ಸ್ಫಟಿಕದಂಥ ಒಂದು ಉಪ್ಪಿನ ಬಿಲ್ಲೆಯ ಮೇಲೆ ಸವರಿ ನೋಡಬೇಕು. ಸೀಮೆಯಿಂದ ಹಡಗಿನಲ್ಲಿ ಬಂದ ಬಿಲ್ಲೆ. ಎರಡನೇ ಮಹಾಯುದ್ಧದ ಕಾಲ, ಇನ್ನೊಂದು ಸಿಗುವ ಮಾತೇ ಇಲ್ಲ. ಅದೋ, ಉಸಿರು ತಾಗಿದರೂ ಮಂಕಾಗುವ ಜಾತಿ. ಮಳೆಗಾಲದಲ್ಲಿ ಬೆಂಗಳೂರಿನ ಥಂಡಿಯನ್ನು ನಂಬದೆ, ತೇವ ಹೀರುವ ಸುಟ್ಟ ಸುಣ್ಣದ ಜೊತೆ ಡಬ್ಬಿಯಲ್ಲಿಟ್ಟು ತಂದು ತಾಯಿಯ ಒಲೆಯ ಮೇಲಿನ ಹಲಗೆಗೆ ಸೇರಿಸುತ್ತಿದ್ದ.

ಮೊದಲ ಸಲ ತಂದಾಗ ನನ್ನ ಅತ್ತೆ ಕೈ ಚಾಚಲೇ ಇಲ್ಲ. "ಕೆಳಗಿಡಪ್ಪ. ಉಪ್ಪು ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ." ವಿಜ್ಞಾನಿ ತೆಪ್ಪಗೆ ಮಣೆ ಹಾಕಿ, ಅದರ ಮೇಲಿಟ್ಟ. ಮಣೆಯ ಮೇಲೆ ಕೂತ ಉಪ್ಪನ್ನು ನೋಡಲು ಊರಿಗೆ ಊರೇ ಬಂತು. ಎಲ್ಲರೂ ಬಾಯಿಗೆ ಸೆರಗು, ವಲ್ಲಿ ಮುಚ್ಚಿಕೊಂಡೇ ದರ್ಶನ ಮಾಡಬೇಕಾಯಿತು.

ಒಂದು ವರ್ಷ ಶ್ರಾವಣದಲ್ಲಿ ಮಾತ್ರ ಬಿಲ್ಲೆಯ ಜೊತೆ ಜ್ವರವನ್ನೂ ಹೊತ್ತುಕೊಂಡೇ ಬಂದ. "ಒಂದೇ ಒಂದು ಪುಡಿ ಬಾಕಿ ಭಾವ. ಅದನ್ನ ನೋಡಿಬಿಟ್ರೆ ಇಷ್ಟು ವರ್ಷದ ಕೆಲಸ ದಡ ಸೇರುತ್ತೆ" ಎಂದವನು ಮಲಗಿದ. ಜ್ವರ ಇಳಿಯಲಿಲ್ಲ. ಕಷಾಯ ಸೋತಿತು, ಹೊಸಕೋಟೆಯ ಡಾಕ್ಟರೂ ಸೋತರು.

ಊರಿನವರೆಲ್ಲ ನೋಡಿ ನೋಡಿ ಮಗನಿಗೆ ದೃಷ್ಟಿಯಾಗಿದೆ ಎಂದು ಅತ್ತೆ ತೀರ್ಮಾನಿಸಿದರು. ದೃಷ್ಟಿ ತೆಗೆಯಲು ಉಪ್ಪು ಬೇಕು. ಮನೆಯ ಉಪ್ಪು ಮಳೆಗೆ ನೀರಾಗಿ ಕೂತಿತ್ತು. ಹೆತ್ತ ಮಗನಿಗೆ ಅಂಥ ಉಪ್ಪೇ? ಹಲಗೆಯ ಮೇಲಿನ ಡಬ್ಬಿ ಕೆಳಗಿಳಿಯಿತು.

ಅತ್ತೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಮುಖಕ್ಕೆ ನಿವಾಳಿಸತೊಡಗಿದರು. "ಅತ್ತೆ, ಅದು..." ಎಂದು ಎದ್ದೆ. ಅವನಿಗೆ ಪೂರ್ತಿ ಎಚ್ಚರವಿತ್ತು. ಸುಮ್ಮನಿರಿ ಎಂದು ನನಗೆ ಕಣ್ಸನ್ನೆ ಮಾಡಿದ. ಅತ್ತೆ ಬಿಲ್ಲೆಯ ಮೇಲೆಯೇ ಉಸಿರು ಬಿಡುತ್ತಾ ಕಂಡವರ ಕಣ್ಣು, ಕಾಣದವರ ಕಣ್ಣು ಎಂದು ಗೊಣಗಿ, ಅದನ್ನು ನೀರಿನ ತಂಬಿಗೆಗೆ ಹಾಕಿಬಿಟ್ಟರು. ಉಪ್ಪು ಕರಗಿದ ಹಾಗೆ ದೃಷ್ಟಿಯೂ ಕರಗಬೇಕು.

ಮೈ ಮಂಕಾಯಿತೇ ಹೊರತು, ಒಂದೇ ಹರಳಿನ ಗಟ್ಟಿ ಬಿಲ್ಲೆ ಎಷ್ಟು ಹೊತ್ತಾದರೂ ತಳದಲ್ಲಿ ಹಾಗೇ ಇತ್ತು. ಅತ್ತೆಗೆ ಅಳು ಬಂತು. "ಎಂಥಾ ಕೆಟ್ಟ ಕಣ್ಣೋ! ಕರಗ್ತಾನೇ ಇಲ್ಲ ಕಣಪ್ಪ."

ಅವನು ತಂಬಿಗೆಯ ಕಡೆ ನೋಡಲಿಲ್ಲ. ಉಪ್ಪು ಮೆತ್ತಿದ ತಾಯಿಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಹಣೆಯ ಮೇಲಿಟ್ಟುಕೊಂಡ.

"ಕರಗುತ್ತೆ ಬಿಡಮ್ಮ" ಎಂದ. "ಒಳ್ಳೆ ಉಪ್ಪು ಅದು, ನಿಧಾನ."