ಮುಶಿಗೇರಿಯ ಹದಿನೇಳು ಕೊಡಗಳ ಮೇಲೆ ಹೊರಿಸಿದ ‘ರೆಜಿಸ್ಟ್’

ಏಳು ಸಮುದ್ರ ದಾಟಿ ಬಂದು, ೧೯೫೪ನೇ ಇಸವಿಯಲ್ಲಿ ನಮ್ಮೂರ ದೋಷಾರೋಪ ಪತ್ರದಲ್ಲಿ ಬಿಡಾರ ಹೂಡಿರುವ ‘ರೆಜಿಸ್ಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಸನ್ನಿಧಿಗೆ,

ಮಾನ್ಯರೇ, ಮುಶಿಗೇರಿಯವರ ಶರಣು. ಸೀದಾ ಹೇಳಿಬಿಡುತ್ತೇನೆ. ದಸರೆಯೊಳಗೆ ಎರಡನೇ ಬಾವಿ ತೋಡಿಸುತ್ತೇವೆಂದರು ಸರಕಾರದವರು; ತೋಡಿಸಲಿಲ್ಲ. ಇದ್ದ ಬಾವಿಗೆ ನೀರು ಸೇದುವ ಗಡಗಡಿ ಹಾಕಿಸುತ್ತೇವೆಂದರು, ಹಾಕಿಸಲಿಲ್ಲ. ಜಪ್ತಿಯಾದ ಹದಿನೇಳು ಕೊಡಗಳನ್ನು ನಾಳೆಯೇ ಕೊಡುತ್ತೇವೆಂದರು. ಇಂದಿಗೆ ಅದು ಹನ್ನೊಂದನೇ ನಾಳೆ.

ತಾವು ಪರದೇಶದವರು, ನಮ್ಮ ರೀತಿ ತಿಳಿದಿರಲಾರದು. ಇಲ್ಲಿ ಬಾವಿಗೆ ಪಾಳಿ ಹಚ್ಚುವುದು ಹೆಂಗಸರಲ್ಲ, ಅವರ ಕೊಡಗಳು. ಕೊಡ ಇಟ್ಟು ಹೊಲಕ್ಕೆ ಹೋದರೆ, ಒಡತಿ ಬರುವ ತನಕ ಅದನ್ನು ಗೌಡನೂ ಸರಿಸುವುದಿಲ್ಲ. ಹೀಗಿರುವಾಗ ಒಬ್ಬ ಸಾಹೇಬರು ಬಂದು, ಕಾದ ಜೀಪಿಗೆ ನೀರು ಬೇಕು, ಕೊಡಗಳನ್ನು ಬದಿಗಿಡು ಎಂದು ಕಾವಲಿಗಿದ್ದ ಕೂಲಿಯ ಗಾಳೆವ್ವನಿಗೆ ಅಪ್ಪಣೆ ಮಾಡಿದರು. ಆಕೆ ಕೈಮುಗಿದೇ ಹೇಳಿದಳು: “ಮೊದಲನೇದು ಮರಿಯವ್ವಂದ್ರಿ ಯಪ್ಪಾ, ಆಕಿ ಬರೂತನಾ ನಾ ಹ್ಯಾಂಗ ಮುಟ್ಟಲಿ? ನೀವೂ ಒಂದು ಕೊಡ ಇಡ್ರಿ, ಹದಿನೆಂಟನೇ ಪಾಳಿ ನಿಮಗ.”

ಸಾಹೇಬರು ಕೊಡ ಇಡಲಿಲ್ಲ; ಇದ್ದ ಕೊಡಗಳನ್ನು ಜಪ್ತಿ ಮಾಡಿ, ಕಾಗದದಲ್ಲಿ, ಮಾನ್ಯರೇ, ತಮ್ಮನ್ನು ಇಟ್ಟರು. ಗಾಳೆವ್ವನೂ ಹದಿನೇಳು ಕೊಡಗಳೂ ಸರಕಾರವನ್ನು ‘ರೆಜಿಸ್ಟ್’ ಮಾಡಿದವಂತೆ.

ಇಷ್ಟು ದೊಡ್ಡವರು ಯಾರೆಂದು ತಿಳಿಯಲು ನಾನು ಗಜೇಂದ್ರಗಡದ ನಿವೃತ್ತ ಮಾಸ್ತರ ಮೆಹಬೂಬಸುಭಾನಿಯವರ ಮನೆಗೆ ನಡೆದೆ. ಅವರು ಇಟ್ಟಿಗೆಯಂಥ ನಿಘಂಟು ತೆಗೆದು, ಕನ್ನಡಕ ಒರೆಸಿ, ಮಾನ್ಯರಾದ ತಮ್ಮ ವಂಶಾವಳಿ ಓದಿದರು: ಹುಟ್ಟಿದ್ದು ಲ್ಯಾಟಿನ್ನಿನಲ್ಲಿ, ಬೆಳೆದದ್ದು ಫ್ರೆಂಚರ ಮನೆಯಲ್ಲಿ, ದೊಡ್ಡವರಾದದ್ದು ಇಂಗ್ಲೆಂಡಿನಲ್ಲಿ; ಮೂಲಾರ್ಥ ಎಂದರೆ ಎದುರಿಗೆ ಗಟ್ಟಿಯಾಗಿ ನಿಲ್ಲುವುದು. “ಇಷ್ಟಕ್ಕ ಲ್ಯಾಟಿನ್ ಯಾಕ ಬೇಕಿತ್ತೋ? ನರಗುಂದದ ಗುಡ್ಡಾ ನೋಡಿದ್ರ ಸಾಕಿತ್ತು” ಎಂದು ನಕ್ಕರು.

ಎಂಥ ಕುಲೀನರು ತಾವು! ನಲವತ್ತೆರಡರ ಚಳವಳಿಯಲ್ಲಿ ನನ್ನ ಮೇಲಿನ ಆರೋಪದ ಕಾಗದದಲ್ಲೂ ತಾವೇ ಇದ್ದಿರಿ. ಅಂದು ನನ್ನ ಜೊತೆ ಒಂದೇ ಹಗ್ಗಕ್ಕೆ ಬಿಗಿಸಿಕೊಂಡವರು ಇಂದು ಕುರ್ಚಿಯಲ್ಲಿದ್ದಾರೆ, ಅಂದು ರೆಜಿಸ್ಟ್ ಮಾಡಿದೆವೆಂದು ತಮ್ಮ ಹೆಸರು ಹೇಳಿಯೇ ಹಾರ ಹಾಕಿಸಿಕೊಳ್ಳುತ್ತಾರೆ. ಬಾವುಟ ಬದಲಾಯಿತು, ಕುರ್ಚಿಯವರು ಬದಲಾದರು, ಕಾಗದದಲ್ಲಿ ತಾವು ಮಾತ್ರ ಕದಲಲಿಲ್ಲ. ಗಟ್ಟಿಯಾಗಿ ನಿಲ್ಲುವುದೆಂದರೆ ಅದೇ ಅಲ್ಲವೇ?

ಈಗ ಹೊಸ ಕರಾರು ಬಂದಿದೆ. ‘ರೆಜಿಸ್ಟ್ ಮಾಡಿದ್ದು ತಪ್ಪಾಯಿತು’ ಎಂಬ ಇಂಗ್ಲಿಷ್ ಕಾಗದಕ್ಕೆ ಗಾಳೆವ್ವ ಹೆಬ್ಬೆಟ್ಟು ಒತ್ತಿದರೆ ಕೊಡಗಳು ಊರಿಗೆ ಬರುತ್ತವೆ; ಒತ್ತದಿದ್ದರೆ ಕೊಡಗಳು ಜಪ್ತಿಯಲ್ಲೇ, ಆಕೆಯೂ ಅವುಗಳ ಹಾಗೆ ಜೇಲಿನಲ್ಲಿ. ಹದಿನೇಳು ಮನೆಗಳು ಹನ್ನೊಂದು ದಿನದಿಂದ ಅಡುಗೆಯ ಗಡಿಗೆಯಲ್ಲಿ ನೀರು ಹೊರುತ್ತಿವೆ. ಒತ್ತಿಬಿಡು ಎಂದು ಮರಿಯವ್ವನೇ ಅತ್ತು ಬೇಡಿದಳು. ಗಾಳೆವ್ವ ಅಂದದ್ದು ಇಷ್ಟೇ: “ನಿನ್ನ ಪಾಳಿ ಕಾಯ್ದದ್ದು ತಪ್ಪಂತ ಬರಕೊಟ್ಟರ, ನಾಳೆ ನನ್ನ ಪಾಳಿ ಯಾರು ಕಾಯ್ತಾರಬೇ?”

ಆದ್ದರಿಂದ ಸವಿನಯ ಅರಿಕೆ. ತಾವು ಖುದ್ದು ಕೋರ್ಟಿಗೆ ಬಂದು, ಗಂಗೆಯ ಮೇಲೆ ಆಣೆ ಮಾಡಿ, ತಾಮ್ರದ ಕೊಡಗಳಿಗೂ ತಮಗೂ ಬಳಗವಿಲ್ಲವೆಂದು ಸಾಕ್ಷಿ ನುಡಿಯಬೇಕು. ಅದು ಆಗದಿದ್ದರೆ ಸಾಹೇಬರ ಕಾಗದದಿಂದ ಇಳಿದು ನಮ್ಮ ಕಡೆ ಬಂದುಬಿಡಬೇಕು. ಲ್ಯಾಟಿನ್ನಿನಷ್ಟು ಸವಲತ್ತು ಇಲ್ಲಿಲ್ಲ, ಜೋಳದ ರೊಟ್ಟಿ ಇದೆ.

ತಮ್ಮ ಎದುರಿಗೇ ನಿಂತಿರುವ ವಿಶ್ವಾಸಿ,
ಹೇಮಪ್ಪ, ಮುಶಿಗೇರಿ

ತಾ.ಕ.: ಜಪ್ತಿಯ ಕೊಡಗಳಲ್ಲಿ ಸಾಹೇಬರ ಸ್ನಾನದ ನೀರು ಕಾಯುತ್ತಿದೆಯೆಂದು ಕೇಳಿದೆವು. ಕೊಡಗಳು ಅಲ್ಲಿ ಏನೂ ರೆಜಿಸ್ಟ್ ಮಾಡಿಲ್ಲವಂತೆ, ಸಂತೋಷ. ಗಾಳೆವ್ವ ಹೆಬ್ಬೆಟ್ಟು ಒತ್ತುವುದಿಲ್ಲ. ಆಕೆಯ ಜೊತೆ ಜೇಲಿಗೆ ಹೋಗುವ ಉಳಿದ ಹದಿನಾರು ಹೆಂಗಸರ ಹೆಸರು ಬರೆದುಕೊಳ್ಳುವ ಸಭೆ ಬಾವಿಕಟ್ಟೆಯ ಮೇಲೆ, ಬರುವ ಬುಧವಾರ, ಮುಂಜಾನೆ ಏಳು ಗಂಟೆಗೆ.