ಸೋನಾರ್‌ಪುರದ ನರಿಯೂ ನನ್ನ ಸ್ವೆಟರೂ

ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಸ್ವಲ್ಪ ಉಬ್ಬಿಸಿ ಹೇಳುತ್ತೇನೆ, ಅಷ್ಟೆ. ಧಾರವಾಡದಿಂದ ಕಾಶಿಗೆ ಬಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿರುವ ನನಗೆ, ಬಾಲ ನೋಡಿ ಉಳಿದ ಪ್ರಾಣಿಯನ್ನು ಊಹಿಸುವಷ್ಟು ವೈಜ್ಞಾನಿಕ ಬುದ್ಧಿಯಿದೆ. ಸೋನಾರ್‌ಪುರದ ನಮ್ಮ ಮನೆಯ ಹಿಂದೆ ಪಾಳುಬಿದ್ದ ಹಳೇ ಬಂಗಲೆಯೊಂದರ ತೋಟವಿದೆ. ಒಂದು ಸಂಜೆ ಅದರ ಮುರಿದ ಗೋಡೆಯೊಳಗೆ ದಪ್ಪ ಬಾಲವೊಂದು ನುಸುಳಿದ್ದನ್ನು ಕಂಡೆ. ಊಟಕ್ಕೆ ಕೂತಾಗ, "ಇವತ್ತ ನರಿ ನೋಡಿದೆ. ಎದುರಾಬದುರಾ ನಿಂತಿತ್ತು!" ಎಂದುಬಿಟ್ಟೆ.

ಐದನೇ ತರಗತಿಯ ಮಗಳು ಮೇಧಾ ಅದನ್ನು ಶಾಲೆಯಲ್ಲಿ ಹೇಳಿದಳು. ಅಲ್ಲಿ 'ಮನೆ ಹತ್ತಿರದ ವನ್ಯಜೀವಿ' ಎಂಬ ಫೋಟೊ ಸ್ಪರ್ಧೆಯ ಸಡಗರ. ಜನ ತಿನ್ನಿಸಿ ಬೆಳೆಸಿದ ಪ್ರಾಣಿ ನಡೆಯುವುದಿಲ್ಲ ಎಂಬುದು ನಿಯಮ. ಕಾಶಿಯಲ್ಲಿ ಜನ ತಿನ್ನಿಸದ ಪ್ರಾಣಿ ಎಲ್ಲಿದೆ ಸ್ವಾಮಿ? ಗೂಳಿಗೆ ಪೂರಿ, ಕೋತಿಗೆ ಕಡಲೆ, ಬೀದಿನಾಯಿಗೆ ಬಿಸ್ಕತ್ತು, ಗಂಗೆಯ ಹಕ್ಕಿಗಳಿಗೆ ಸೇವು! ಹಾಗಾಗಿ ನಮ್ಮ ನರಿಗೆ ಭಾರಿ ಕಿಮ್ಮತ್ತು ಬಂತು. ಆದರೆ ಯಾರೂ ನಂಬಲಿಲ್ಲ.

"ಪಪ್ಪಾ, ಎಲ್ಲಾರೂ ನನಗ ಝೂಟಿ ಅಂತಾರ. ಯಾರೂ ನನ್ನ ಬಾಜೂ ಕೂಡಂಗಿಲ್ಲ," ಎಂದು ಮಗಳು ಬಿಕ್ಕಿದಳು. ಝೂಟಿ ಎಂದರೆ ಸುಳ್ಳಿ. ಮಾತು ನನ್ನದು, ಹೆಸರು ಕೆಟ್ಟದ್ದು ಮಗುವಿನದು.

"ನಾಳೆ ಫೋಟೊ ತರ್ತೀನಿ!" ಎಂದು ಘೋಷಿಸಿದೆ.

"ನರಿ ಮುಖ ನೋಡಿದ್ರ ಅದೃಷ್ಟ ಅಂತಾರ," ಎಂದಳು ಹೆಂಡತಿ ವಿಜಯಾ, ರೊಟ್ಟಿ ಬಡಿಯುತ್ತ. "ನೀವು ನೋಡಿದ್ದು ಬರೇ ಬಾಲ. ಜ್ವಾಕಿ!"

ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಇಳಿದೆ. ಜನವರಿಯ ಮಂಜು, ಚಾಚಿದ ನನ್ನ ಕೈ ನನಗೇ ಕಾಣದು. ಹತ್ತು ಹೆಜ್ಜೆಗೆ ರಸ್ತೆಯ ಸದ್ದೆಲ್ಲ ಸತ್ತುಹೋಯಿತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಘಾಟಿನ ಕಡೆಯಿಂದ ಹೆಣ ಹೊತ್ತವರ "ರಾಮ್ ನಾಮ್ ಸತ್ಯ ಹೈ" ಎನ್ನುವ ದನಿಗಳು ತೀರ ಹತ್ತಿರ ಬಂದು, ನಡುವೆಯೇ ನಿಂತುಹೋದವು. ಎಲ್ಲೋ ಎಲೆ ಸರಕ್ಕೆಂದಿತು. ಅತ್ತ ತಿರುಗಿದೆ. ಯಾರೂ ಇಲ್ಲ. ಆದರೂ ಯಾರೋ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ ಕತ್ತಿನ ಕೂದಲು ನಿಮಿರಿತು.

ಆಗ ಕಂಡಿತು, ನನ್ನ ಸ್ವೆಟರ್!

ಕಂದು ಬಣ್ಣ, ಎರಡು ಬಿಳಿ ಪಟ್ಟಿ, ಅತ್ತೆಯವರು ಕೈಯಾರೆ ಹೆಣೆದದ್ದು. ಎರಡು ವಾರದಿಂದ ಕಾಣೆಯಾಗಿತ್ತು. ಈಗ ನೆಲದಿಂದ ಮೊಳದೆತ್ತರದಲ್ಲಿ ಮಂಜಿನೊಳಗೆ ತೇಲುತ್ತಿತ್ತು. ತಲೆಯಿಲ್ಲ. ಕಾಲಿಲ್ಲ. ಒಳಗೆ ಏನೋ ಉಸಿರಾಡುತ್ತಿತ್ತು.

ನನ್ನ ಸ್ವೆಟರ್ ಅಲ್ಲಿ ತಿರುಗಾಡುತ್ತಿದ್ದರೆ, ನಾನು ಎಲ್ಲಿದ್ದೇನೆ? ಕಾಶಿಯಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. ಇಲ್ಲಿಗೆ ಎಷ್ಟೋ ಜನ ಬರುವುದೇ ಸಾಯುವುದಕ್ಕೆ! ನಾಡಿ ಹಿಡಿದು ನೋಡಿಕೊಂಡೆ. ಸಿಗಲಿಲ್ಲ. ಮುಗಿಯಿತು ಎಂದುಕೊಂಡೆ. ಕೈಗವಸಿನ ಮೇಲೆ ಹುಡುಕುತ್ತಿದ್ದೆನೆಂದು ಆಮೇಲೆ ತಿಳಿಯಿತು.

ಬೆರಳು ತಾನಾಗಿ ಕ್ಯಾಮೆರಾ ಒತ್ತಿತು. ಆ ಸದ್ದಿಗೆ ಸ್ವೆಟರ್ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿತು. "ಶಿವಾ!" ಎನ್ನುತ್ತ ಹಿಂದೆ ಹೆಜ್ಜೆಯಿಟ್ಟು, ಮೊಳಕಾಲವರೆಗೆ ಸಗಣಿಗುಂಡಿಯಲ್ಲಿ ಹುಗಿದುಹೋದೆ. ಸ್ವೆಟರ್ ಹತ್ತಿರ ಬಂತು. ಕತ್ತಿನ ತೂತಿನಿಂದ ಒಂದು ಗಡ್ಡ ಮೇಲೆದ್ದು "ಮ್ಯಾಂ" ಎಂದಿತು.

"ಅಲ್ರೀ, ಬಾಜೂ ಮನ್ಯಾಗ ಆಡು ಸಾಕಿದಾಕಿಗೆ ಆ ಸ್ವೆಟರ್ ನಾನ ಕೊಟ್ಟೇನಿ," ಎಂದಳು ವಿಜಯಾ, ನನ್ನ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತ. "ಈ ಊರಾಗ ಚಳಿಗಾಲಕ್ಕ ಆಡಿಗೆ ಎಲ್ಲಾರೂ ಸ್ವೆಟರ್ ಹಾಕ್ತಾರ."

"ನನಗ ಚಳಿ ಆಗಂಗಿಲ್ಲೇನು?"

"ನೀವು ಕೇಳಿದ್ರೇನು? ಅದು ಒದರತಿತ್ತು!"

ಅಷ್ಟರಲ್ಲಿ ಮೇಧಾ ಕ್ಯಾಮೆರಾ ಹಿಡಿದು ಬಂದಳು. ಪುಟ್ಟ ಪರದೆಯಲ್ಲಿ ಬರೀ ಬೂದು ಮಂಜು, ನಡುವೆ ಒಂದು ಕಂದು ಮುದ್ದೆ. "ಪಪ್ಪಾ, ಇದ ನರಿ ಏನು?"

ಎಷ್ಟು ದಿನದ ಮೇಲೆ ಆ ಮುಖದಲ್ಲಿ ನಗು! ಆಡು ಎನ್ನಲು ನಾಲಿಗೆ ಏಳಲಿಲ್ಲ. "ಹೂಂ" ಎಂದೆ. ಅವಳು ಫೋಟೊವನ್ನು ಶಾಲೆಗೆ ಕೊಟ್ಟೇಬಿಟ್ಟಳು.

ಮೂರನೇ ದಿನ ಶಾಲೆಯಿಂದ ಕರೆ ಬಂತು. ಹೋಗಿ ನೋಡಿದರೆ, ತರಗತಿಯ ಗೋಡೆಯ ದೊಡ್ಡ ಪರದೆಯ ಮೇಲೆ ಆ ತಲೆಯಿಲ್ಲದ ಆಕೃತಿ ತೇಲುತ್ತಿತ್ತು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಕೊನೆಯ ಬೆಂಚಿನಲ್ಲಿ ಮೇಧಾ ಒಬ್ಬಳೇ.

"ಪ್ರೊಫೆಸರ್ ಸಾಹೇಬ್, ಇದು ಯಾವ ಪ್ರಾಣಿ?" ಎಂದು ಶಿಕ್ಷಕಿ ಹಿಂದಿಯಲ್ಲಿ ಕೇಳಿದರು.

ಇನ್ನು ತಡೆಯಲಾಗಲಿಲ್ಲ. "ಆಡು. ಸ್ವೆಟರ್ ನನ್ನದು. ನಾನು ನರಿಯನ್ನು ನೋಡೇ ಇಲ್ಲ. ಬಾಲ ನೋಡಿದ್ದೆ, ಅದು ನಾಯಿಯದ್ದೇ ಇರಬೇಕು. ಮಗಳು ನಾನು ಹೇಳಿದ್ದನ್ನು ನಂಬಿದಳು, ಅಷ್ಟೆ. ಸುಳ್ಳ ನಾನು," ಎಂದೆ. ನನ್ನ ಸತ್ಯಸಂಧತೆಗೆ ನನಗೇ ಕಣ್ಣು ತುಂಬಿ ಬಂತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪರದೆಗೆ ಬೆರಳು ತೋರಿಸಿದಳು. "ಅಂಕಲ್, ಹಾಗಾದರೆ ಹಿಂದೆ ಇರುವುದು ಯಾರು?"

ಮುರಿದ ಗೋಡೆಯ ಪಕ್ಕದಲ್ಲಿ, ಮಂಜಿನೊಳಗೆ, ಎರಡು ಚೂಪು ಕಿವಿ. ಸಪೂರ ಮೂತಿ. ನೇರ ನನ್ನನ್ನೇ ನೋಡುತ್ತಿದ್ದ ಎರಡು ಕಣ್ಣು. ನಾನು ನಾಡಿ ಹುಡುಕುತ್ತಿದ್ದಷ್ಟು ಹೊತ್ತೂ ಅದು ಹತ್ತು ಹೆಜ್ಜೆ ದೂರದಲ್ಲಿ ಸುಮ್ಮನೆ ನಿಂತಿತ್ತು!

"ನರಿ!" ಎಂದು ಚೀರಿದೆ. "ಅಯ್ಯೋ, ನರೀನೇ ಅದು! ಸಿಯಾರ್!"

ಒಬ್ಬರೂ ನಂಬಲಿಲ್ಲ. ಶಿಕ್ಷಕಿ ಕರುಣೆಯಿಂದ ನೋಡಿದರು. "ನಾಯಿ ಎಂದು ಈಗ ತಾನೇ ನೀವೇ ಒಪ್ಪಿಕೊಂಡಿರಿ," ಎಂದು ಫೋಟೊದ ಕೆಳಗೆ 'ಆಡು ಮತ್ತು ನಾಯಿ' ಎಂದು ಬರೆದು, ಸ್ಪರ್ಧೆಯಿಂದ ತೆಗೆದುಹಾಕಿದರು.

ಮೇಧಾಳ ಬೆಂಚಿಗೆ ಆಗಲೇ ಇಬ್ಬರು ಗೆಳತಿಯರು ಬಂದು ಕೂತಿದ್ದರು. ಅವಳು ನನ್ನನ್ನು ಗೇಟಿನವರೆಗೆ ಬಿಡಲು ಬಂದು, ಕೈ ಹಿಡಿದು ಮೆಲ್ಲಗೆ ಹೇಳಿದಳು:

"ಅದು ಖರೇನ ನರಿ, ನನಗ ಗೊತ್ತದ ಪಪ್ಪಾ. ಆದ್ರ ನೀ ಸುಮ್ಮನಿರು. ನಾ ಹೇಳ್ತೀನಿ. ನಾ ಹೇಳಿದ್ರ ನಂಬತಾರ."