ದೊಡ್ಡಪ್ಪನ ಸೈಕಲ್ಲಿನ ಟಣ್-ಕರಕ್

ನಮ್ಮ ದೊಡ್ಡಪ್ಪನ ಸೈಕಲ್ಲಿಗೆ ಎಷ್ಟು ವಯಸ್ಸು ಎಂದು ಯಾರಾದರೂ ಕೇಳಿದರೆ, ಯಾವ ಭಾಗಕ್ಕೆ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ಕಳೆದ ದಸರಾ ಹೊತ್ತಿಗೆ ನನ್ನ ಡೈರಿಯ ಪ್ರಕಾರ ಸೀಟಿಗೆ ನಾಲ್ಕು ತಿಂಗಳು, ಚೈನಿಗೆ ಆರು ವಾರ. ಬಲಗಡೆ ಪೆಡಲಿಗೆ ಇಪ್ಪತ್ತಮೂರು ದಿನ, ಎಡಗಡೆಯದಕ್ಕೆ ಹನ್ನೊಂದು. ಹಿಂದಿನ ಚಕ್ರದ ನಲವತ್ತು ಕಡ್ಡಿಗಳಂತೂ ಒಂದೊಂದೂ ಒಂದೊಂದು ನಕ್ಷತ್ರದಲ್ಲಿ ಹುಟ್ಟಿದವು. ಫ್ರೇಮು, ಚೈನ್ ಕವರು ಮತ್ತು ದೊಡ್ಡಪ್ಪ, ಈ ಮೂರು ಮಾತ್ರ ಮೊದಲಿನಿಂದ ಇರುವವು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ನಾನು ಪರೀಕ್ಷೆಗೆ ಓದಿಕೊಳ್ಳಲೆಂದು ಹೊಳಲಿನ ದೊಡ್ಡಪ್ಪನ ಮನೆಗೆ ಬಂದು ಒಂದು ವರ್ಷವಾಯಿತು. ದಿನಚರಿ ಬರೆಯುವುದು ನನ್ನ ಚಟ. ಸುಮ್ಮನೆ ಬರೆಯುವುದಿಲ್ಲ, ಗೆರೆ ಹೊಡೆದು, ಕಾಲಂ ಮಾಡಿ, ತಾರೀಖು ಹಾಕಿ ಬರೆಯುತ್ತೇನೆ. ಓದಿದ ಪುಟಗಳಿಗೆ ಒಂದು ಕಾಲಂ, ಕರೆಂಟು ಹೋದ ಗಂಟೆಗಳಿಗೆ ಒಂದು. ದೊಡ್ಡಪ್ಪನಿಗಾಗಿ ಬೇರೆ ಪುಸ್ತಕವನ್ನೇ ಹಾಕಬೇಕಾಯಿತು!

ದೊಡ್ಡಪ್ಪ ಮಂಡ್ಯದ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕಡತಗಳನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ನಿವೃತ್ತರಾದವರು. ಆ ಮೂವತ್ತು ವರ್ಷದಲ್ಲಿ ಅವರು ಮುಟ್ಟಿದ ಅತಿ ದೊಡ್ಡ ಕಬ್ಬಿಣದ ಸಾಮಾನು ಗುಂಡುಸೂಜಿ. ದಿನವೂ ಸೈಕಲ್ಲಿನಲ್ಲಿ ಹೋಗಿ, ಮಧ್ಯಾಹ್ನದ ಊಟಕ್ಕೆ ಸೈಕಲ್ಲಿನಲ್ಲೇ ಮನೆಗೆ ಬರುತ್ತಿದ್ದರು. ಡಬ್ಬಿಗೆ ಹಾಕಿದ ಮುದ್ದೆ ಮುದ್ದೆಯಲ್ಲ, ಕ್ರಿಕೆಟ್ ಚೆಂಡು ಎಂಬುದು ಅವರ ಸಿದ್ಧಾಂತ. ಅವರು ಕೈಕಾಲು ತೊಳೆದು ಕೂರುವಷ್ಟರಲ್ಲಿ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ ಇರುತ್ತಿತ್ತು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಪೇಪರ್ ಓದುವ ನೆಪದಲ್ಲಿ ಮಂಡ್ಯಕ್ಕೆ ಹೋಗುವುದು, ಮಧ್ಯಾಹ್ನ ಬರುವುದು ತಪ್ಪಲಿಲ್ಲ. ಮುದ್ದೆಯೂ ಹಾಗೇ ಹೊಗೆಯಾಡುತ್ತಿತ್ತು. ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ.

ಯೋಚಿಸುತ್ತಿದ್ದದ್ದು ಸೈಕಲ್ಲಿನ ಸದ್ದಿನ ಬಗ್ಗೆ. ಪೆಡಲು ಒಂದು ಸುತ್ತು ಬಂದರೆ ಒಂದು ಸಲ 'ಟಣ್', ಅದರ ಬೆನ್ನಿಗೇ 'ಕರಕ್'. ನಾಲೆಯ ಸೇತುವೆ ಹತ್ತಿರ ಹುಟ್ಟಿದ ಸದ್ದು ನಮ್ಮ ಬಚ್ಚಲುಮನೆಯವರೆಗೂ ಕೇಳುತ್ತಿತ್ತು. ಎದುರು ಮನೆಯ ನಾಯಿ ಅದಕ್ಕೆ ಬೊಗಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ನಿವೃತ್ತಿಯ ಮೂರನೇ ವಾರ ದೊಡ್ಡಪ್ಪ, ಈ ಸದ್ದನ್ನು ತಾವೇ ಸ್ವತಃ ರಿಪೇರಿ ಮಾಡುವುದಾಗಿ ಹೇಳಿ ಒಂದು ಬುಟ್ಟಿ ಸಾಮಾನು ತಂದರು. ಮಾರನೇ ವಾರ ಇನ್ನೊಂದು ಬುಟ್ಟಿ. ಮೂರನೇ ಬುಟ್ಟಿಗೆ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು.

"ಈ ಸದ್ ಕೇಳಿ ಕೇಳಿ ನನ್ ಕಿವಿ ತೂತ್ ಬಿದ್ದೋದೊ. ಆಯುಧಪೂಜೆ ಒಳಗೆ ಇದು ನಿಲ್ನಿಲ್ಲ ಅಂದ್ರೆ, ನಿಮ್ ಕಬ್ಬಿಣನೆಲ್ಲ ಗುಜರಿಯವ್ನಿಗೆ ಹಾಕಿ ಈರುಳ್ಳಿ ತಕ್ಕತೀನಿ ನೋಡಿ."

"ಆಯ್ತು ಬುಡು. ಅವತ್ತು ಸದ್ದಿದ್ರೆ ನೀನೆ ಎತ್ ಹಾಕು," ಎಂದರು ದೊಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಮಗ, ನೀನೆ ಸಾಕ್ಷಿ. ಬರ್ಕೊ."

ಬರೆದುಕೊಂಡೆ. ಜೂನ್ ಹನ್ನೆರಡು. ಕಾಲಂ ಒಂದು: ಸದ್ದು ಇದೆ / ಇಲ್ಲ. ಹಳೇ ಕಬ್ಬಿಣಕ್ಕೆ ಈರುಳ್ಳಿ ಕೊಡುವ ಗುಜರಿಯವನು ಅಂದಿನಿಂದ ನಮ್ಮ ಬೀದಿಯಲ್ಲಿ ಗಾಡಿಯನ್ನು ಸ್ವಲ್ಪ ನಿಧಾನವಾಗಿ ತಳ್ಳತೊಡಗಿದ!

ಸವಾಲಾದ ಮೇಲೆ ಮೊದಲು ಬಂದದ್ದು ಬೆಂಚ್ ವೈಸು. ಕಬ್ಬಿಣವನ್ನು ದವಡೆಯಲ್ಲಿ ಕಚ್ಚಿ ಹಿಡಿದುಕೊಳ್ಳುತ್ತದಲ್ಲ, ಅದು. ಬೆಂಚ್ ವೈಸಿಗೆ ಬೆಂಚು ಬೇಕು. ಮನೆಯಲ್ಲಿ ಇದ್ದದ್ದು ಮಂಚ. ಮಂಚದ ತುದಿಗೇ ಅದನ್ನು ಬಿಗಿದರು. ಆ ತಿಂಗಳು ದೊಡ್ಡಪ್ಪನ ಮೊಣಕಾಲಿಗೆ ಅದು ಬಡಿದದ್ದು ಒಂಬತ್ತು ಸಲ, ನನ್ನದಕ್ಕೆ ನಾಲ್ಕು. ದೊಡ್ಡಮ್ಮನಿಗೆ ಒಂದು ಸಲವೂ ಬಡಿಯಲಿಲ್ಲ, ಏಕೆಂದರೆ ಅವರು ಅದನ್ನು ಮೊದಲ ದಿನವೇ ಪಳಗಿಸಿಕೊಂಡಿದ್ದರು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾದರೆ ವೈಸು, ತೆಂಗಿನಕಾಯಿಯ ಸಿಪ್ಪೆ ಹಟ ಮಾಡಿದರೆ ವೈಸು, ಕುಕ್ಕರಿನ ಹಿಡಿ ಸಡಿಲವಾದರೆ ವೈಸು. ತಿಂಗಳ ಕೊನೆಗೆ ಲೆಕ್ಕ ಹಾಕಿದೆ: ಸೈಕಲ್ಲಿಗೆ ಬಳಸಿದ್ದು ಮೂರು ಸಲ, ಅಡುಗೆಮನೆಗೆ ಹದಿನಾಲ್ಕು. ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದರೆ, "ನಾ ಅದ್ನ ಅವ್ಳಿಗೋಸ್ಕರನೆ ತಂದದ್ದು," ಎಂದುಬಿಟ್ಟರು.

ಬಿಡಿಭಾಗ ಕೊಳ್ಳುವುದರಲ್ಲಿ ದೊಡ್ಡಪ್ಪನದು ರೆಕಾರ್ಡ್ ರೂಮಿನ ಶಿಸ್ತು. ಪರಿಶೀಲಿಸದೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ಮಂಡ್ಯದ ಸೈಕಲ್ ಅಂಗಡಿಗೆ ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಬೆಲ್ಲುಗಳನ್ನು ಒಂದೊಂದಾಗಿ ಹೊಡೆದು ನೋಡಿದರು, ಹದಿನಾರು. ಕೊಂಡದ್ದು ಒಂದೂ ಇಲ್ಲ, ಅಂದು ಅವರಿಗೆ ಬೇಕಿದ್ದದ್ದು ಪೆಡಲು. ಸೀಟನ್ನು ಸ್ಟೂಲಿನ ಮೇಲೆ ಇಟ್ಟು ಅದರ ಮೇಲೆ ಕೂತು, ಅಂದಿನ ಪೇಪರನ್ನು ಪೂರ್ತಿ ಓದಿ, ಸ್ವಲ್ಪ ಒತ್ತುತ್ತದೆ ಎಂದು ತೀರ್ಪು ಕೊಟ್ಟರು. ಆಮೇಲೆ ಪೆಡಲುಗಳನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ಕೇಳತೊಡಗಿದರು. ಏಳನೆಯ ಪೆಡಲಿಗೆ ಅಂಗಡಿಯವನ ಸಹನೆ ಮುಗಿಯಿತು.

"ಸಾ, ಅದು ಪೆಡ್ಲು ಕಣ್ ಸಾ, ರೇಡಿಯೋ ಅಲ್ಲ."

"ರೇಡಿಯೋ ಆಗಿದ್ರೆ ವಾರ್ತೆನಾರ ಬರದು ಕಣಪ್ಪ. ಇದ್ರಲ್ಲಿ ಬರೀ ಸುಳ್ಳು," ಎಂದು ಎಂಟನೆಯದನ್ನು ಎತ್ತಿಕೊಂಡರು.

ಆ ಪೆಡಲು ಹಾಕಿದ ದಿನದ ನಮೂದು: ಸದ್ದು ಇದೆ.

ಜುಲೈನಲ್ಲಿ ಮಳವಳ್ಳಿ ಸಂತೆಗೆ ಹೋದೆವು, ಹಳೆಯ ಪಾನಗಳು ಸಿಗುತ್ತವೆಂದು. ನಟ್ಟು ತಿರುಗಿಸುವ ಪಾನಕ್ಕೆ ಅಳತೆ ಎಂಬುದೊಂದು ಇರುತ್ತದೆ. ದೊಡ್ಡಪ್ಪ ನೋಡಿದ್ದು ತೂಕವನ್ನು. ನನ್ನ ಮೊಣಕೈವರೆಗೆ ಬರುವ ಒಂದು ಪಾನವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಅದು ಸೈಕಲ್ಲಿನ ಯಾವ ನಟ್ಟಿಗೂ ಆಗಲಿಲ್ಲ. ಆದರೆ ಸುದ್ದಿ ಹೇಗೆ ಹಬ್ಬಿತೋ, ಮೇಲಿನ ಬೀದಿಯ ಟ್ರ್ಯಾಕ್ಟರಿನವರು ಬಂದು ಎರವಲು ಕೇಳಿದರು. ಅವರ ಟ್ರ್ಯಾಕ್ಟರಿಗೆ ಅಚ್ಚುಕಟ್ಟಾಗಿ ಆಯಿತಂತೆ! ಆ ಪಾನ ನಮ್ಮ ಮನೆಯಲ್ಲಿ ಇದ್ದದ್ದು ನಾಲ್ಕು ದಿನ, ಟ್ರ್ಯಾಕ್ಟರಿನ ಮನೆಯಲ್ಲಿ ಅರವತ್ತೆರಡು.

ಆಗಸ್ಟಿನಲ್ಲಿ ಹಿಂದಿನ ಚಕ್ರದ ನಡುಭಾಗವನ್ನು ಬಿಚ್ಚಿದರು. ಅಂಗಳದಲ್ಲಿ ದೊಡ್ಡಮ್ಮ ರಾಗಿ ಹರಡಿದ್ದರು. ಅದರ ಪಕ್ಕದಲ್ಲೇ ಬಿಚ್ಚಬೇಕೆ? ಒಳಗಿದ್ದ ಉಕ್ಕಿನ ಗುಂಡುಗಳು ಚಿಲ್ಲನೆ ಹಾರಿ ರಾಗಿಯೊಳಗೆ ಬಿದ್ದು ಮಾಯವಾದವು. ಹದಿನೆಂಟು ಗುಂಡು ಎಂದು ದೊಡ್ಡಪ್ಪ ಆಣೆ ಮಾಡಿ ಹೇಳಿದರು. ಮೂವರೂ ಜರಡಿ ಹಿಡಿದು ಕೂತೆವು. ಸಂಜೆಗೆ ಸಿಕ್ಕಿದ್ದು ಹದಿನೇಳು. ಒಂದು ಕೋಳಿಯ ಮೇಲೆ ಅನುಮಾನ ಬಂದು ಅದನ್ನು ಒಂದು ದಿನ ಮಂಕರಿ ಕೆಳಗೆ ಕೂಡಿ ಹಾಕಿದೆವು. ಮಾರನೇ ದಿನ ಹದಿನೆಂಟನೆಯದು ದೊಡ್ಡಪ್ಪನ ಅಂಗಿ ಜೇಬಿನಲ್ಲೇ ಸಿಕ್ಕಿತು. ಕೋಳಿಗೆ ಬಿಡುಗಡೆಯಾಯಿತು, ಮನೆಯಲ್ಲಿ ನೆಮ್ಮದಿಯಾಯಿತು. ಅದರ ಮಾರನೇ ದಿನ ಹತ್ತೊಂಬತ್ತನೆಯದು ಸಿಕ್ಕಿತು. ಅದು ಎಲ್ಲಿಯದೆಂದು ಇವತ್ತಿಗೂ ತಿಳಿದಿಲ್ಲ.

ಚಕ್ರ ಜೋಡಿಸಿದ ದಿನದ ನಮೂದು: ಸದ್ದು ಇದೆ. ರಾಗಿಯಲ್ಲೂ ಸ್ವಲ್ಪ ಇದೆ.

ಪಿತೃಪಕ್ಷ ಬಂತು. ಗುಜರಿಯವನು ದೊಡ್ಡಮ್ಮನಿಗೆ ದಪ್ಪ ಈರುಳ್ಳಿಯನ್ನೇ ತೆಗೆದಿಡುತ್ತೇನೆಂದು ಮಾತು ಕೊಟ್ಟು ಹೋದ. ದೊಡ್ಡಪ್ಪನಿಗೆ ಅನ್ನ ಸೇರದಾಯಿತು. ಸಾಯಂಕಾಲ ಸಾಮಾನುಗಳನ್ನೆಲ್ಲ ಗೋಣಿಯ ಮೇಲೆ ಹರಡಿ, ಒಂದೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಜೀವಮಾನವೆಲ್ಲ ಬೇರೆಯವರ ಕಾಗದ ಕಾದ ಕೈಗಳಿಗೆ ಮೊದಲ ಸಲ ಸ್ವಂತದ ಮಸಿ ಹತ್ತಿತ್ತು. ಅದನ್ನು ಈರುಳ್ಳಿಗೆ ಕೊಟ್ಟುಬಿಡುವುದೆಂದರೆ ಸಾಮಾನ್ಯವೇ?

ಕೊನೆಗೆ ಯಾರೋ ಹೇಳಿದರು, ಮದ್ದೂರಿನಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾನೆ, ಸೈಕಲ್ಲಿನ ನಾಡಿ ಹಿಡಿಯುತ್ತಾನೆ ಎಂದು. ನವರಾತ್ರಿಯ ಮೊದಲ ದಿನ, ಎಳನೀರು ಹೇರಿಕೊಂಡು ಮದ್ದೂರಿಗೆ ಹೋಗುವ ಟೆಂಪೊದಲ್ಲಿ ಎಳನೀರಿನ ರಾಶಿಯ ಮೇಲೆ ಸೈಕಲ್ಲು, ಸೈಕಲ್ಲಿನ ಪಕ್ಕ ದೊಡ್ಡಪ್ಪ, ಮುಂದಿನ ಸೀಟಿನಲ್ಲಿ ಡೈರಿ ಹಿಡಿದು ನಾನು. ಮೇಸ್ತ್ರಿ ಸೈಕಲ್ಲನ್ನು ಸ್ಟ್ಯಾಂಡಿಗೆ ಎತ್ತಿ ಪೆಡಲನ್ನು ಎರಡು ಸುತ್ತು ತಿರುಗಿಸಿದ. ಟಣ್-ಕರಕ್, ಟಣ್-ಕರಕ್. ಆಮೇಲೆ ಚೈನ್ ಕವರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಂದು ಸುತ್ತು ತಿರುಗಿಸಿದ.

ಸದ್ದಿಲ್ಲ.

"ಕವರು ಪೆಡ್ಲಿಗೆ ತಗುಲ್ತದೆ ಸ್ವಾಮಿ. ಇನ್ನೇನಿಲ್ಲ," ಎಂದು ಹಳೇ ಟ್ಯೂಬಿನಿಂದ ಹುಣಸೆ ಬೀಜದಷ್ಟು ರಬ್ಬರ್ ಕತ್ತರಿಸಿ, ಕವರಿಗೂ ಫ್ರೇಮಿಗೂ ನಡುವೆ ಸಿಕ್ಕಿಸಿದ. ಮೇಸ್ತ್ರಿ ಒಂದು ಪಾನವನ್ನೂ ಮುಟ್ಟಲಿಲ್ಲ. ನಾಲ್ಕು ತಿಂಗಳು, ಮೂರು ಊರು, ಕಡ್ಡಿಗಳನ್ನು ಬಿಟ್ಟೇ ನಲವತ್ತೊಂದು ಬಿಡಿಭಾಗ! ಫ್ರೇಮನ್ನೂ ದೊಡ್ಡಪ್ಪನನ್ನೂ ಬಿಟ್ಟರೆ, ಬದಲಾಯಿಸದೆ ಉಳಿದದ್ದು ಆ ಕವರು ಒಂದೇ.

ಗೆದ್ದ ದೊಡ್ಡಪ್ಪನ ಮುಖ ಮದುವೆ ಮುಗಿದ ಮಾರನೇ ದಿನದ ಚಪ್ಪರದ ಹಾಗಿತ್ತು. ಆದರೂ ಗೆಲುವು ಗೆಲುವೇ. ಸೆಪ್ಟೆಂಬರಿನ ಆ ಪುಟದಲ್ಲಿ ಮೊದಲ ಬಾರಿಗೆ ಬರೆದೆ: ಸದ್ದು ಇಲ್ಲ.

ಮಾರನೇ ಮಧ್ಯಾಹ್ನ ದೊಡ್ಡಪ್ಪ ಬೆಕ್ಕಿನ ಹಾಗೆ ಬಂದು ಜಗಲಿಯ ಮೇಲೆ ನಿಂತಿದ್ದರು. ಒಳಗೆ ದೊಡ್ಡಮ್ಮ ಎಸರಿಟ್ಟುಕೊಂಡು ಕೂತಿದ್ದರು. ಎಸರು ಮರಳಿ ಮರಳಿ ಅರ್ಧವಾಗಿತ್ತು. "ಯಾವಾಗ್ ಬಂದ್ರಿ?" ಎಂದು ಗಾಬರಿಯಿಂದ ಎದ್ದರು. ಆಗ ನನಗೆ ಹೊಳೆಯಿತು. ನಾಲೆಯ ಸೇತುವೆಯಲ್ಲಿ ಟಣ್-ಕರಕ್ ಎಂದರೆ ದೊಡ್ಡಮ್ಮ ಎಸರಿಗೆ ರಾಗಿ ಹಿಟ್ಟು ಹಾಕುತ್ತಿದ್ದರು. ಬೀದಿಯ ತಿರುವಿನಲ್ಲಿ ಕೇಳಿದರೆ ಕೋಲಿನಿಂದ ತಿರುವುತ್ತಿದ್ದರು. ಗೇಟಿಗೆ ಬಂದರೆ ಮುದ್ದೆ ಕಟ್ಟುತ್ತಿದ್ದರು. ಮೂವತ್ತು ವರ್ಷ ಅವರ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದದ್ದು ಅವರು ಬೈಯುತ್ತಿದ್ದ ಆ ಸದ್ದು!

ಎರಡನೇ ದಿನ ದೊಡ್ಡಮ್ಮ ಮೊದಲೇ ಮಾಡಿಟ್ಟರು, ದೊಡ್ಡಪ್ಪ ತಡವಾಗಿ ಬಂದರು. ಮುದ್ದೆ ಸಾರಿಗೆ ಬಿದ್ದಾಗ 'ಠಪ್' ಎಂದಿತು. ಮೂರನೇ ದಿನ ನಾನು ಬುದ್ಧಿವಂತಿಕೆ ತೋರಿಸಿ, ಸೇತುವೆಯಿಂದಲೇ ಬೆಲ್ಲು ಹೊಡೆಯಲು ದೊಡ್ಡಪ್ಪನಿಗೆ ಹೇಳಿಕೊಟ್ಟೆ. ಹದಿನಾರರಲ್ಲಿ ಹನ್ನೊಂದನೆಯ ಬೆಲ್ಲನ್ನು ಹೋಗಿ ಕೊಂಡು ತಂದರು. ಮಾರನೇ ದಿನ ಬೆಲ್ಲು ಕೇಳಿದ್ದೇ ತಡ ದೊಡ್ಡಮ್ಮ ಹಿಟ್ಟು ಹಾಕಿದರು, ತಿರುವಿದರು, ಕಟ್ಟಿದರು. ನೋಡಿದರೆ ಐಸ್‌ಕ್ಯಾಂಡಿಯವನು! ಊರಿನಲ್ಲಿ ಬೆಲ್ಲುಗಳು ಬೇಕಾದಷ್ಟಿವೆ. ಟಣ್-ಕರಕ್ ಇದ್ದದ್ದು ಒಂದೇ.

ದೊಡ್ಡಮ್ಮ ಬಾಯಿಬಿಟ್ಟು ಒಂದು ಮಾತೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಸದ್ದು ನಿಲ್ಲಲಿ ಎಂದು ಸವಾಲು ಹಾಕಿದವರೇ ಅವರು. ಸುಮ್ಮನೆ ಎಸರು ಇಳಿಸಿ ಗೇಟಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನಾಲೆ ಕಡೆ ನೋಡಿ ಬರುತ್ತಿದ್ದರು. ಅದು ಕಬ್ಬಿನ ಲಾರಿಗಳು ಓಡಾಡುವ ರಸ್ತೆ. ನನ್ನ ಚಟ, ಅದಕ್ಕೂ ಒಂದು ಕಾಲಂ ಹಾಕಿದೆ: ದೊಡ್ಡಮ್ಮ ಗೇಟಿಗೆ ಹೋದದ್ದು. ಎರಡು ಸಲ. ಐದು. ಐದು. ಏಳು. ಒಂಬತ್ತು.

ಆಯುಧಪೂಜೆಯ ಹಿಂದಿನ ಸಾಯಂಕಾಲ ದೊಡ್ಡಪ್ಪ ತಮ್ಮ ಗೆಲುವನ್ನು ಕಣ್ಣಾರೆ ನೋಡಬೇಕೆಂದು ಡೈರಿ ಕೇಳಿದರು. ಕನ್ನಡಕ ಏರಿಸಿ, 'ಸದ್ದು ಇಲ್ಲ' ಎಂಬ ಸಾಲುಗಳ ಮೇಲೆ ಬೆರಳಾಡಿಸುತ್ತ ಹೋದರು. ಬೆರಳು ಪಕ್ಕದ ಕಾಲಮ್ಮಿಗೆ ಸರಿದು ಅಲ್ಲೇ ನಿಂತಿತು.

"ಏನೇನೋ ಬರೀತೀಯಲ್ಲ ಮಗ," ಎಂದು ಪುಸ್ತಕ ಮುಚ್ಚಿ ಕೊಟ್ಟರು.

ಹಬ್ಬದ ದಿನ ಬೆಳಿಗ್ಗೆ ಮಣೆಯ ಮೇಲೆ ಸಾಮಾನುಗಳೆಲ್ಲ ಕುಂಕುಮ ಇಟ್ಟುಕೊಂಡು ಸಾಲಾಗಿ ಕೂತಿದ್ದವು. ವೈಸು, ಪಂಪು, ಸುತ್ತಿಗೆ, ಹತ್ತೊಂಬತ್ತನೆಯ ಗುಂಡು. ಹಬ್ಬಕ್ಕೆ ತವರಿಗೆ ಬಂದ ಮಗಳ ಹಾಗೆ ಮಳವಳ್ಳಿಯ ಪಾನವೂ ಟ್ರ್ಯಾಕ್ಟರಿನ ಮನೆಯಿಂದ ಬಂದಿತ್ತು. ಬೂದುಗುಂಬಳ ಮತ್ತು ಕಡ್ಲೆಪುರಿ ತರಲು ದೊಡ್ಡಪ್ಪ ಮಂಡ್ಯಕ್ಕೆ ಹೋಗಿದ್ದರು, ಪೂಜೆ ಅವರು ಬಂದ ಮೇಲೆ. ನಾನು ಎಣಿಸುತ್ತ ಬಂದೆ. ಕೊನೆಯಲ್ಲಿ, ಚೆಂಡುಹೂವಿನ ಎಸಳಿನ ಮೇಲೆ, ಹುಣಸೆ ಬೀಜದಷ್ಟು ಕಪ್ಪಗಿನದೊಂದು ಇತ್ತು. ಅದಕ್ಕೂ ಒಂದು ಚುಕ್ಕೆ ಕುಂಕುಮ.

ಮದ್ದೂರಿನ ರಬ್ಬರು.

ಗುಜರಿಯವನು ಮಾತಿಗೆ ತಪ್ಪದೆ ಮಧ್ಯಾಹ್ನ ಗೇಟಿಗೆ ಬಂದ. ತಕ್ಕಡಿಯಲ್ಲಿ ದಪ್ಪ ಈರುಳ್ಳಿ. "ಏನಕ್ಕ, ಸದ್ ನಿಂತದಾ, ಇಲ್ಲ ಸಾಮಾನ್ ಎತ್ಕೊಳ್ಳಾನಾ?" ಎಂದು ಕೇಳುತ್ತಿದ್ದಂತೆಯೇ ನಾಲೆಯ ಕಡೆಯಿಂದ ಬಂತು.

ಟಣ್-ಕರಕ್. ಟಣ್-ಕರಕ್.

ದೊಡ್ಡಮ್ಮ ಬಿರಬಿರನೆ ಒಳಗೆ ಹೋದರು. ಹಬ್ಬವಾದರೂ ದೊಡ್ಡಪ್ಪನಿಗೆ ಮುದ್ದೆ ಬೇಕು, ಪಾಯಸ ಆಮೇಲೆ. ಎಸರಿಗೆ ಹಿಟ್ಟು ಬಿದ್ದ ಸದ್ದು ನನಗೆ ಕೇಳಿಸಿತು.

"ಅಕ್ಕೋ, ಸದ್ ಅಂಗೇ ಅದಲ್ಲ," ಎಂದ ಗುಜರಿಯವನು.

"ಯಾವ್ ಸದ್ದಪ್ಪ?" ಒಳಗಿನಿಂದ ದೊಡ್ಡಮ್ಮನ ದನಿ ಬಂತು. ಕೋಲು ತಿರುಗುತ್ತಲೇ ಇತ್ತು. "ನಂಗೇನೂ ಕೇಳ್ನಿಲ್ವಲ್ಲ. ನಿಂಗೇನಾರ ಕೇಳ್ತೇನವ್ವ?"

ಕೊನೆಯ ಪ್ರಶ್ನೆ ನನಗೆ. ಸಾಕ್ಷಿ ನಾನಲ್ಲವೆ? ಕೈಯಲ್ಲಿ ಡೈರಿ, ಎದುರಿಗೆ ಬೀದಿಯ ತಿರುವಿನಲ್ಲಿ ಕುಂಬಳಕಾಯಿ ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ, ಪೆಡಲು ತುಳಿಯುತ್ತಿರುವ ದೊಡ್ಡಪ್ಪ.

ಗುಜರಿಯವನು ನನ್ನ ಮುಖ ನೋಡಿದ. ಬರುತ್ತಿದ್ದ ಸೈಕಲ್ಲನ್ನು ನೋಡಿದ. ಈರುಳ್ಳಿಯನ್ನು ತಕ್ಕಡಿಯಿಂದ ಮತ್ತೆ ಗಾಡಿಗೆ ಸುರಿದುಕೊಂಡ. "ನಿಂತ್ಕಳಪ್ಪ, ಹಿಟ್ ಉಂಡ್ಕೊಂಡೋಗಿವಂತೆ," ಎಂದು ದೊಡ್ಡಮ್ಮ ಒಳಗಿನಿಂದಲೇ ಕೂಗಿದರು.

ನನ್ನ ಡೈರಿಯಲ್ಲಿ ಇದುವರೆಗೆ ಸುಳ್ಳು ನಮೂದು ಇರುವುದು ಒಂದೇ. ಅದು ಆಯುಧಪೂಜೆಯ ದಿನದ್ದು.

ಸದ್ದು: ಇಲ್ಲ. ಗೇಟಿಗೆ ಹೋದದ್ದು: ಸೊನ್ನೆ. ಮುದ್ದೆ: ನಾಲ್ಕು, ಬಿಸಿ.